ಹೂಗ್ಲಿ ದಂಡೆಯ ಒಂದೇ ಗಂಟು

ಕನ್ನಡ ಮುದ್ರಣದ ಚರಿತ್ರೆ ಬರೆಯುವವರು 1817ನೇ ಇಸವಿಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಆ ವರ್ಷ ಬಂಗಾಳದ ಹೂಗ್ಲಿ ನದಿಯ ದಂಡೆಯಲ್ಲಿರುವ ಸೆರಾಂಪುರದ ಮಿಷನ್ ಅಚ್ಚುಕೂಟದಿಂದ, ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವೊಂದು ಹೊರಬಂತು. ಕನ್ನಡದ ಅಕ್ಷರ ಅಚ್ಚುಮೊಳೆಯಾಗಿ ಕಾಗದದ ಮೇಲೆ ಮೂಡಿದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಬರೆದವರು ವಿಲಿಯಂ ಕೇರಿ. ಬಂಗಾಳದಲ್ಲೇ ಬಾಳಿ ಅಲ್ಲೇ ಮಣ್ಣಾದ ಮನುಷ್ಯ ಕಾವೇರಿ, ತುಂಗಭದ್ರೆಯರ ನುಡಿಗೆ ವ್ಯಾಕರಣ ಬರೆದರು ಎಂಬುದೇ ಒಂದು ಬೆರಗು.

ಅದೇ 1817ರಲ್ಲಿ, ಸೆರಾಂಪುರದಿಂದ ಸುಮಾರು ಹದಿನೈದು ಮೈಲಿ ದೂರದ ಕಲ್ಕತ್ತೆಯಲ್ಲಿ, ಕೇರಿಯವರನ್ನು ಇಂಗ್ಲೆಂಡಿನಿಂದ ಕಳಿಸಿದ್ದ ಮಿಷನ್ ಸಂಘದ ಕಿರಿಯ ಮಿಷನರಿಗಳು ಬೇರೆ ಒಕ್ಕೂಟ ಕಟ್ಟಿಕೊಂಡರು. ಸೆರಾಂಪುರದ ಹಿರಿಯರು ದರ್ಪದಿಂದ ನಡೆಯುತ್ತಾರೆ, ಸಂಘದ ಆಸ್ತಿಯನ್ನು ತಮ್ಮದಾಗಿಸಿಕೊಂಡಿದ್ದಾರೆ, ಮಿಷನ್ನಿನ ಹೆಸರಿನಲ್ಲಿ ಹಣ ಗಂಟುಹಾಕುತ್ತಿದ್ದಾರೆ ಎಂಬ ಮಾತು ಕಲ್ಕತ್ತೆಯಿಂದ ಲಂಡನ್ನಿಗೆ ಹಡಗು ಹತ್ತಿತು. ಹಾಗೆ ಬೇರೆಯಾದವರ ಮುಂಚೂಣಿಯಲ್ಲಿದ್ದವರು ಯೂಸ್ಟೇಸ್ ಕೇರಿ, ವಿಲಿಯಂ ಕೇರಿಯವರ ಸ್ವಂತ ತಮ್ಮನ ಮಗ.

ಹಣದ ಆ ಆರೋಪ ಎಷ್ಟು ಆಳಕ್ಕೆ ಇರಿಯಿತೆಂದು ತಿಳಿಯಬೇಕಾದರೆ ಸೆರಾಂಪುರದ ಮನೆಯ ಕಟ್ಟಳೆಯನ್ನು ತಿಳಿಯಬೇಕು.

ಕೇರಿ 1761ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದರು. ಜೋಡು ಹೊಲಿಯುವ ಕಸುಬು ಕಲಿತು, ಹೊಲಿಗೆಯ ಪಕ್ಕದಲ್ಲೇ ಪುಸ್ತಕವಿಟ್ಟುಕೊಂಡು ಭಾಷೆಗಳನ್ನು ಕಲಿತವರು. 1793ರಲ್ಲಿ ಬಂಗಾಳಕ್ಕೆ ಬಂದು, ಕೆಲವು ವರ್ಷ ನೀಲಿ ತಯಾರಿಸುವ ಕಾರ್ಖಾನೆಯನ್ನು ನೋಡಿಕೊಂಡು ಹೊಟ್ಟೆ ಹೊರೆದರು. 1799ರಲ್ಲಿ ಶಾಲಾಮಾಸ್ತರರಾಗಿದ್ದ ಜೋಶುವಾ ಮಾರ್ಷ್‌ಮನ್, ಅಚ್ಚಿನ ಕೆಲಸ ಬಲ್ಲ ವಿಲಿಯಂ ವಾರ್ಡ್ ಬಂದಿಳಿದರು. ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಸೆರಾಂಪುರವಾದರೋ ಡೆನ್ಮಾರ್ಕಿನ ವಸಾಹತು. ಅಲ್ಲಿಯ ಗವರ್ನರ್ ಓಲೆ ಬೀ ಇವರನ್ನು ಕಂಪನಿಗೆ ಬಿಟ್ಟುಕೊಡಲು ಒಪ್ಪಲಿಲ್ಲ. 1800ರ ಜನವರಿಯಲ್ಲಿ ಕೇರಿಯೂ ಅಲ್ಲಿಗೆ ಬಂದು ಸೇರಿದರು.

ಅಲ್ಲಿ ಕಟ್ಟಿದ್ದು ಒಂದು ಕೂಡುಕುಟುಂಬ. ಊಟದ ಪಂಕ್ತಿ ಒಂದು, ಪ್ರಾರ್ಥನೆ ಒಂದು, ಹಣದ ಗಂಟೂ ಒಂದೇ. ಯಾರೂ ತಮ್ಮ ಸ್ವಂತಕ್ಕೆ ವ್ಯಾಪಾರ ಮಾಡಕೂಡದು. ದುಡಿದದ್ದೆಲ್ಲ ಆ ಗಂಟಿಗೆ ಬೀಳಬೇಕು. ಅದರಿಂದ ಪ್ರತಿ ಸಂಸಾರಕ್ಕೂ ಕೈಖರ್ಚಿಗೆ ಇಷ್ಟೆಂದು ಎಣಿಸಿ ಕೊಡಬೇಕು. 1801ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜು ಕೇರಿಯವರನ್ನು ಬಂಗಾಳಿ ಕಲಿಸಲು ಕರೆಯಿತು. ಸಂಬಳ ತಿಂಗಳಿಗೆ 500 ರೂಪಾಯಿ, ಮುಂದೆ ಅದು ಸಾವಿರಕ್ಕೇರಿತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಅದರ ಬಹುಪಾಲು ನೇರವಾಗಿ ಜಂಟಿ ಗಂಟಿಗೆ ಹೋಯಿತು. ಜೋಶುವಾ ಮತ್ತು ಹನ್ನಾ ಮಾರ್ಷ್‌ಮನ್ ದಂಪತಿ ನಡೆಸುತ್ತಿದ್ದ ವಸತಿಶಾಲೆಗಳ ಆದಾಯವೂ, ವಾರ್ಡರ ಅಚ್ಚುಕೂಟದ ಲಾಭವೂ ಅಲ್ಲಿಗೇ. ವಾರದ ನಡುವೆ ಕೇರಿ ದೋಣಿಯಲ್ಲಿ ಕಲ್ಕತ್ತೆಗೆ ಹೋಗಿ ಪಾಠ ಮಾಡಿ, ವಾರದ ಕೊನೆಗೆ ದೋಣಿಯಲ್ಲೇ ಹಿಂದಿರುಗುತ್ತಿದ್ದರು. ಮೂವತ್ತು ವರ್ಷ ಈ ಓಡಾಟ ನಡೆಯಿತು.

ಆ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಅದು ಹಣದ ಕಟ್ಟಳೆಗಿಂತಲೂ ಕಷ್ಟದ್ದು. ಪ್ರತಿ ಶನಿವಾರ ಸಂಜೆ ಎಲ್ಲರೂ ಕೂಡಿ, ವಾರದಲ್ಲಿ ಒಬ್ಬರ ಮೇಲೊಬ್ಬರಿಗೆ ಹುಟ್ಟಿದ ಮುನಿಸನ್ನು ಬಾಯಿಬಿಟ್ಟು ಹೇಳಿ, ಕ್ಷಮೆ ಕೇಳಿ, ಪ್ರೀತಿಯಿಂದ ಇರುವುದಾಗಿ ಮಾತು ಕೊಡಬೇಕು. ಕಾಣಿಕೆ ಅರ್ಪಿಸಲು ಬಂದವನಿಗೆ ಸಹೋದರನ ಮುನಿಸು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೊಳ್ಳಲಿ ಎಂದು ಯೇಸು ಬೆಟ್ಟದ ಮೇಲೆ ಹೇಳಿದ್ದನ್ನು ಇವರು ವಾರದ ದಿನಚರಿಯಾಗಿ ಮಾಡಿಕೊಂಡಿದ್ದರು. ಭಾನುವಾರದ ಆರಾಧನೆಗೆ ಶನಿವಾರದ ಹೊರೆ ಹೊತ್ತುಕೊಂಡು ಹೋಗಬಾರದು ಎಂಬ ಎಚ್ಚರ ಅದು. 1805ರಲ್ಲಿ ತಮ್ಮ ನಿಯಮಗಳನ್ನೆಲ್ಲ ಒಡಂಬಡಿಕೆಯಾಗಿ ಬರೆದು, ವರ್ಷಕ್ಕೆ ಮೂರು ಸಲ ಪ್ರತಿ ಕೇಂದ್ರದಲ್ಲೂ ಓದಬೇಕೆಂದು ಗೊತ್ತುಮಾಡಿದರು.

ಮೊದಲ ಟೀಕೆಗಳು ಹೊರಗಿನಿಂದ ಬಂದವು. 1806ರ ಜುಲೈನಲ್ಲಿ ವೆಲ್ಲೂರಿನ ಸಿಪಾಯಿಗಳು ದಂಗೆ ಎದ್ದರು. ಟೋಪಿಯ ವಿಷಯಕ್ಕೆ, ಹಣೆಯ ಕುರುಹಿನ ವಿಷಯಕ್ಕೆ ಸೇನೆಯೇ ಮಾಡಿದ ಆಜ್ಞೆಗಳು ಅದಕ್ಕೆ ಕಾರಣ. ಆದರೆ ಲಂಡನ್ನಿನಲ್ಲಿ ಬೆರಳು ಮಿಷನರಿಗಳ ಕಡೆಗೆ ತಿರುಗಿತು. ವೆಲ್ಲೂರಿಗೂ ಸೆರಾಂಪುರಕ್ಕೂ ನಡುವೆ ಸಾವಿರ ಮೈಲಿಯ ಹತ್ತಿರದ ಹಾದಿ ಇದೆ ಎಂಬುದು ಯಾರಿಗೂ ಬೇಕಾಗಿರಲಿಲ್ಲ. ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಸಿಡ್ನಿ ಸ್ಮಿತ್ ಎಂಬ ಲೇಖಕ, ಸ್ವತಃ ಪಾದ್ರಿಯಾಗಿದ್ದವನು, ಜೋಡು ಹೊಲಿಯುವವರು ಧರ್ಮ ಸಾರಲು ಹೊರಟಿದ್ದಾರೆಂದು ಇವರನ್ನು ಗೇಲಿ ಮಾಡಿದ. ಸಂಘದ ಕಾರ್ಯದರ್ಶಿ ಆಂಡ್ರ್ಯೂ ಫುಲ್ಲರ್ 1808ರಲ್ಲಿ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು.

ಕಸುಬಿನ ಮೂದಲಿಕೆ ಕೇರಿಯವರನ್ನು ಎಷ್ಟು ತಾಕಿತು? ಅವರ ಚರಿತ್ರೆ ಬರೆದವರು ಬಿಡದೆ ಹೇಳುವ ಪ್ರಸಂಗವೊಂದಿದೆ. ಸೆರಾಂಪುರದ ಎದುರುದಂಡೆಯ ಬ್ಯಾರಕ್‌ಪುರದಲ್ಲಿ ಗವರ್ನರ್ ಜನರಲ್ ಕೊಟ್ಟ ಔತಣದಲ್ಲಿ ಒಬ್ಬ ಸೇನಾಧಿಕಾರಿ, ಈತ ಹಿಂದೆ ಜೋಡು ಮಾಡುತ್ತಿದ್ದನಂತಲ್ಲ ಎಂದು ಕೇಳಿಸುವಂತೆಯೇ ಪಿಸುಗುಟ್ಟಿದ. ಕೇರಿ ಮುಂದೆ ಬಂದು ತಿದ್ದಿದರು: ಇಲ್ಲ ಸ್ವಾಮಿ, ಜೋಡು ಮಾಡುತ್ತಿರಲಿಲ್ಲ, ಹರಿದ ಜೋಡಿಗೆ ತೇಪೆ ಹಾಕುತ್ತಿದ್ದೆ. ಇದನ್ನು ಬರಿಯ ವಿನಯವೆಂದು ಓದಿದರೆ ಸಾಲದು. ಯಾವುದನ್ನು ಬಚ್ಚಿಡಬೇಕೆಂದು ಆ ಸಭೆ ಭಾವಿಸಿತ್ತೋ ಅದನ್ನು ಅವರು ಬಚ್ಚಿಟ್ಟಿರಲೇ ಇಲ್ಲ. ಹಾಗಾಗಿ ಎದುರಿನವನ ಕೈಯಲ್ಲಿ ಹಿಡಿಯಲು ಏನೂ ಉಳಿಯಲಿಲ್ಲ.

ಬಂದ ಟೀಕೆಗಳೆಲ್ಲ ಅನ್ಯಾಯದವೇ ಆಗಿರಲಿಲ್ಲ. 1807ರಲ್ಲಿ ಇವರ ಅಚ್ಚುಕೂಟದಿಂದ ಬಂದ ಪರ್ಶಿಯನ್ ಕಿರುಹೊತ್ತಗೆಯೊಂದರಲ್ಲಿ ಇಸ್ಲಾಮಿನ ಪ್ರವಾದಿಯನ್ನು ನಿಂದಿಸುವ ಮಾತು ಸೇರಿಹೋಗಿತ್ತು. ಲಾರ್ಡ್ ಮಿಂಟೋನ ಸರ್ಕಾರ ಕೆರಳಿ, ಅಚ್ಚುಕೂಟವನ್ನು ಕಲ್ಕತ್ತೆಗೆ ತಂದು ತನ್ನ ಕಣ್ಣಳತೆಯಲ್ಲಿ ಇಡಬೇಕೆಂದಿತು. ಆಗ ಸೆರಾಂಪುರದವರು ತಪ್ಪನ್ನು ತಪ್ಪೆಂದೇ ಒಪ್ಪಿ ವಿಷಾದ ಸೂಚಿಸಿದರು. ಆಮೇಲೆ ಕೇರಿ, ಮಾರ್ಷ್‌ಮನ್ ಮಿಂಟೋನನ್ನು ಕಂಡು ಅಚ್ಚುಕೂಟದ ಪರವಾಗಿ ಬಿನ್ನವಿಸಿಕೊಂಡರು. ಆಜ್ಞೆ ಹಿಂದಕ್ಕೆ ಹೋಯಿತು.

ಕೇರಿಯವರ ಮೊದಲ ಹೆಂಡತಿ ಡೊರೊಥಿಯ ವಿಷಯ ಇನ್ನೂ ನೋವಿನದು. ಮನಸ್ಸಿಲ್ಲದೆ ಹಡಗು ಹತ್ತಿದ ಆಕೆ, 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ ಮೇಲೆ ಚಿತ್ತಸ್ವಾಸ್ಥ್ಯ ಕಳೆದುಕೊಂಡರು. ಗಂಡನ ಶೀಲದ ಮೇಲೆ ಜನರೆದುರಿಗೇ ಹುಸಿ ಆಪಾದನೆ ಹೊರಿಸುವ ಸ್ಥಿತಿಗೆ ಹೋಗಿ, 1807ರ ಡಿಸೆಂಬರಿನಲ್ಲಿ ಕಣ್ಣುಮುಚ್ಚಿದರು. ಆ ವರ್ಷಗಳಲ್ಲಿ ಕೇರಿ ತೋರಿದ ತಾಳ್ಮೆಯನ್ನು ಹೊಗಳುವವರು ಬಹಳ. ಆದರೆ ಒಲ್ಲದ ಹೆಂಗಸನ್ನು ಅಂಥ ಬದುಕಿಗೆ ಕರೆತಂದದ್ದು ಸರಿಯೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಅದಕ್ಕೆ ಕೇರಿಯವರ ಭಕ್ತರು ಕೊಡುವ ಉತ್ತರಗಳು ಸಾಲವು.

1812ರ ಮಾರ್ಚ್ 11ರ ಸಂಜೆ. ವಾರ್ಡ್ ಅಚ್ಚುಕೂಟದಲ್ಲಿ ಲೆಕ್ಕ ನೋಡುತ್ತಿದ್ದರು. ಇನ್ನೂರು ಅಡಿ ಉದ್ದದ ಕಟ್ಟಡದ ಒಂದು ತುದಿಯಲ್ಲಿ ಹೊಗೆ ಕಂಡಿತು. ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿಸಿ, ಮಾಡಿನ ಮೇಲಿಂದ ನೀರು ಸುರಿಸಿ, ನಾಲ್ಕು ಗಂಟೆ ಕಾಲ ಬೆಂಕಿಯ ಉಸಿರುಕಟ್ಟಿದ್ದರು. ಅಷ್ಟರಲ್ಲಿ ಯಾರೋ ಒಬ್ಬರು ತಿಳಿಯದೆ ಕಿಟಕಿ ತೆರೆದರು. ಗಾಳಿ ಒಳಹೊಕ್ಕು ಕಟ್ಟಡ ಉರಿದು ಬಿತ್ತು. ಸಾವಿರಕ್ಕೂ ಹೆಚ್ಚು ರೀಮು ಕಾಗದ, ಹತ್ತಾರು ಭಾಷೆಗಳ ಅಚ್ಚುಮೊಳೆ, ವರ್ಷಗಟ್ಟಲೆ ಬರೆದ ಹಸ್ತಪ್ರತಿ ಎಲ್ಲ ಹೋಯಿತು. ಕೇರಿಯವರ ಬಹುಭಾಷಾ ನಿಘಂಟು, ತೆಲುಗು ವ್ಯಾಕರಣ, ಕನ್ನಡಕ್ಕೆ ತಿರುಗಿಸಿದ ಹೊಸ ಒಡಂಬಡಿಕೆಯ ಪ್ರತಿ ಬೂದಿಯಾದವು. ನಷ್ಟ ಸುಮಾರು ಹತ್ತು ಸಾವಿರ ಪೌಂಡ್. ಕೇರಿ ಆಗ ಕಲ್ಕತ್ತೆಯಲ್ಲಿದ್ದರು. ಮರುದಿನ ಮಾರ್ಷ್‌ಮನ್ ಹೋಗಿ ಸುದ್ದಿ ಮುಟ್ಟಿಸಿದರು.

ಬೂದಿ ಕೆದಕಿದಾಗ ಅಕ್ಷರಗಳ ಉಕ್ಕಿನ ಮೂಲ ಪಡಿಯಚ್ಚುಗಳು ಕೆಡದೆ ಸಿಕ್ಕವು. ಪಂಚಾನನ ಕರ್ಮಕಾರ ಎಂಬ ಬಂಗಾಳಿ ಕುಶಲಕರ್ಮಿ ಶುರುಮಾಡಿ, ಅವರ ಅಳಿಯ ಮನೋಹರ ಮುಂದುವರಿಸಿದ ಕೈಕೆಲಸ ಅದು. ಕರಗಿ ಗಟ್ಟಿಯಾಗಿದ್ದ ಸೀಸವನ್ನು ಮತ್ತೆ ಕರಗಿಸಿ, ಹಗಲು ರಾತ್ರಿ ಸರದಿಯಲ್ಲಿ ಮೊಳೆ ಎರಕ ಹೊಯ್ದರು. ಕೆಲವೇ ವಾರಗಳಲ್ಲಿ ಪಕ್ಕದ ಉಗ್ರಾಣದಲ್ಲಿ ಮುದ್ರಣ ಮೊದಲಾಯಿತು. 1817ರ ಕನ್ನಡ ವ್ಯಾಕರಣ ಈ ಬೂದಿಯಿಂದೆದ್ದ ಅಚ್ಚುಕೂಟದ ಕೂಸು.

ಇಂಗ್ಲೆಂಡಿಗೆ ಸುದ್ದಿ ಮುಟ್ಟಿದ ಎರಡೇ ತಿಂಗಳಲ್ಲಿ ಪೂರ್ತಿ ನಷ್ಟ ತುಂಬುವಷ್ಟು ಹಣ ಕೂಡಿತು. ಅಲ್ಲಿಯವರೆಗೆ ಕೆಲವರಿಗಷ್ಟೇ ಗೊತ್ತಿದ್ದ ಸೆರಾಂಪುರ ಮನೆಮಾತಾಯಿತು. ಆಗ ಫುಲ್ಲರ್ ಬರೆದ ಕಾಗದದಲ್ಲಿ ಹಿಗ್ಗಿಗಿಂತ ಅಂಜಿಕೆಯೇ ಹೆಚ್ಚು. ಬೆಂಕಿ ತಂದ ಕೀರ್ತಿಯ ಧೂಪವನ್ನು ನಾವೇ ಮೂಸುತ್ತ ಕುಳಿತರೆ ದೇವರು ತನ್ನ ಆಶೀರ್ವಾದವನ್ನು ತಡೆಹಿಡಿದಾನು ಎಂಬುದು ಅದರ ತಿರುಳು. ಫುಲ್ಲರ್ ಅಂಜಿದ್ದು ಹೊಗಳಿಕೆಗೆ. ಹೊಗಳಿಕೆಯ ಬೆನ್ನಿಗೇ ಬಂದದ್ದು ಮತ್ಸರ ಮತ್ತು ಅನುಮಾನ.

1815ರಲ್ಲಿ ಫುಲ್ಲರ್ ತೀರಿಕೊಂಡರು. ಕೇರಿಯವರನ್ನು ಕಣ್ಣಾರೆ ಕಂಡು, ಮಾತಿಗೆ ಮಾತು ಕೊಟ್ಟು ಕಳಿಸಿದ್ದ ಹಳಬರು ಒಬ್ಬೊಬ್ಬರಾಗಿ ಹೋದರು. ಸಂಘದ ಕಚೇರಿ ಲಂಡನ್ನಿಗೆ ಬಂತು, ಹೊಸ ಕಾರ್ಯದರ್ಶಿಯಾಗಿ ಜಾನ್ ಡೈಯರ್ ಬಂದರು. ಹೊಸಬರಿಗೆ ಸೆರಾಂಪುರವೆಂದರೆ ಕಡತದಲ್ಲಿನ ಹೆಸರು. ಅಲ್ಲಿಯ ಕಟ್ಟಡ, ಅಚ್ಚುಕೂಟಗಳೆಂದರೆ ಪಟ್ಟಿಮಾಡಬೇಕಾದ ಆಸ್ತಿ. ಆ ಆಸ್ತಿಯನ್ನು ಇಂಗ್ಲೆಂಡಿನಲ್ಲಿರುವ ಧರ್ಮದರ್ಶಿಗಳ ಹತೋಟಿಗೆ ಒಪ್ಪಿಸಿ ಎಂಬ ಒತ್ತಾಯ ಬಂತು. ಸೆರಾಂಪುರದವರು ಒಪ್ಪಲಿಲ್ಲ. ಇದೆಲ್ಲ ನಮ್ಮ ದುಡಿಮೆಯಿಂದ ಕೊಂಡದ್ದು, ಆದರೂ ನಮ್ಮದಲ್ಲ. ಧರ್ಮಕಾರ್ಯಕ್ಕೆಂದು ನಾವು ಕಾಯುತ್ತಿರುವುದು ಅಷ್ಟೇ. ನಮ್ಮ ಮಕ್ಕಳಿಗೆ ಇದರಲ್ಲಿ ಕವಡೆಯಷ್ಟೂ ಹಕ್ಕಿಲ್ಲ ಎಂದು 1817ರಲ್ಲಿ ಬರೆದುಕೊಟ್ಟರು. ಕೊಟ್ಟ ಪತ್ರವನ್ನೇ ಎದುರಾಳಿಗಳು ಸಾಕ್ಷಿಯಾಗಿ ತೋರಿಸಿದರು: ನೋಡಿ, ಬಿಡಲು ಒಲ್ಲೆನ್ನುತ್ತಾರೆ.

ನಿಜ ಹೇಳುವುದಾದರೆ ಈ ಜಗಳದಲ್ಲಿ ಎರಡೂ ಕಡೆ ಕೇಳುವ ಮಾತಿತ್ತು. ದೂರದ ದಾನಿಗಳಿಗೆ ಲೆಕ್ಕ ಕೇಳುವ ಹಕ್ಕಿದೆ. ಮಾರ್ಷ್‌ಮನ್ ಹಿಡಿದದ್ದನ್ನು ಬಿಡದ ಸ್ವಭಾವದವರು, ಕಿರಿಯರನ್ನು ಒಲಿಸಿಕೊಳ್ಳುವ ಮೃದುತನ ಅವರಿಗೆ ಕಡಿಮೆ. ಕಿರಿಯರಾದ ಯೇಟ್ಸ್, ಪಿಯರ್ಸ್ ಮುಂತಾದವರು ಪ್ರಾಮಾಣಿಕರೂ ಪ್ರತಿಭಾವಂತರೂ ಆಗಿದ್ದರು. ಹಿರಿಯರ ಜಂಟಿ ಮನೆಯ ಕಟ್ಟಳೆಗೆ ಒಗ್ಗಿಕೊಳ್ಳಬೇಕೆಂದು ಅವರನ್ನು ಬಲವಂತಪಡಿಸುವುದು ನ್ಯಾಯವಲ್ಲ. ಆದರೆ ಕೂಡಿ ಬಾಳಲು ಆಗದು ಎನ್ನುವುದು ಬೇರೆ, ಕಳ್ಳರೆಂದು ಸಾರುವುದು ಬೇರೆ. ಗಾಳಿಮಾತು ಈ ಎರಡರ ನಡುವಿನ ಗೆರೆಯನ್ನು ಅಳಿಸಿಹಾಕಿತು.

ಬದುಕಿನಲ್ಲಿ ಅನೇಕ ದುಃಖ ಕಂಡಿದ್ದೇನೆ, ಯಾವುದೂ ಇದರಷ್ಟು ಮನಸ್ಸನ್ನು ತಿನ್ನಲಿಲ್ಲ ಎಂದು ಕೇರಿ ಕಾಗದದಲ್ಲಿ ತೋಡಿಕೊಂಡರು. ಮಗನನ್ನು ಮಣ್ಣುಮಾಡಿದವರು, ಹೆಂಡತಿಯ ಹುಚ್ಚನ್ನು ಹನ್ನೆರಡು ವರ್ಷ ಕಂಡವರು, ಬರೆದದ್ದೆಲ್ಲ ಬೂದಿಯಾದದ್ದನ್ನು ನೋಡಿದವರು ಆಡಿದ ಮಾತು ಇದು.

ಈ ವರ್ಷಗಳಲ್ಲಿ ಅವರಿಗೆ ಒಂದು ಸುಲಭದ ದಾರಿ ಇತ್ತು. ಬಾಣಗಳೆಲ್ಲ ಮುಖ್ಯವಾಗಿ ಮಾರ್ಷ್‌ಮನ್ ಕಡೆಗೆ ಬರುತ್ತಿದ್ದವು. ಕೇರಿಯವರ ಹೆಸರಿಗೆ ಇಂಗ್ಲೆಂಡಿನಲ್ಲಿ ಇನ್ನೂ ಗೌರವವಿತ್ತು. ಗೆಳೆಯನಿಂದ ಒಂದು ಹೆಜ್ಜೆ ದೂರ ಸರಿದಿದ್ದರೆ ಅವರ ಮೇಲೆ ಕೆಸರು ಸಿಡಿಯುತ್ತಿರಲಿಲ್ಲ. ಅವರು ಸರಿಯಲಿಲ್ಲ. ಮಾರ್ಷ್‌ಮನ್ನರ ಹಟದ ಸ್ವಭಾವವನ್ನು ಮರೆಮಾಚದೆ ಬರೆದೂ, ಆತನ ಕೈ ಶುದ್ಧ ಎಂಬುದಕ್ಕೆ ತಾವೇ ಹೊಣೆ ನಿಂತರು. ವಾರ್ಡ್ 1823ರ ಮಾರ್ಚಿನಲ್ಲಿ ಕಾಲರಾಕ್ಕೆ ತುತ್ತಾದ ಮೇಲೆ ಮೂವರಲ್ಲಿ ಇಬ್ಬರೇ ಉಳಿದರು. ನಂಟು ಇನ್ನಷ್ಟು ಬಿಗಿಯಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ದಾಮೋದರ ನದಿಯ ನೆರೆ ಬಂದು, ಕೇರಿ ಕೈಯಾರೆ ಬೆಳೆಸಿದ್ದ ಸಸ್ಯೋದ್ಯಾನವನ್ನು ಕೊಚ್ಚಿಕೊಂಡು ಹೋಯಿತು.

ಸಂಧಾನಕ್ಕೆಂದು ಮಾರ್ಷ್‌ಮನ್ 1826ರಲ್ಲಿ ಇಂಗ್ಲೆಂಡಿಗೆ ಹೋದರು. ಸಂಧಾನ ಮುರಿಯಿತು. 1827ರಲ್ಲಿ ಸಂಘವೂ ಸೆರಾಂಪುರವೂ ಅಧಿಕೃತವಾಗಿ ಬೇರೆಯಾದವು. ಆಮೇಲೆ ಕಿರುಹೊತ್ತಗೆಗಳ ಮಳೆ. ಡೈಯರ್ ಬರೆದರು, ಯೂಸ್ಟೇಸ್ ಮತ್ತು ಯೇಟ್ಸ್ ಬರೆದರು, ಕಂಪನಿ ಹಿಂದೊಮ್ಮೆ ಬಂಗಾಳದಿಂದ ಹೊರಹಾಕಿದ್ದ ವೈದ್ಯ ವಿಲಿಯಂ ಜಾನ್ಸ್ ಬರೆದರು. ಕೇರಿ ಪೂರ್ತಿ ಮೌನವಾಗಿದ್ದರು ಎನ್ನುವುದು ಭಕ್ತರು ಕಟ್ಟಿದ ಕತೆ. 1828ರಲ್ಲಿ ಅವರ ಕಾಗದಗಳು ಪುಸ್ತಕವಾಗಿ ಅಚ್ಚಾಗಿ, ಆಪಾದನೆಗಳಿಗೆ ಉತ್ತರ ಕೊಟ್ಟವು. ನೊಂದು ಬರೆದ ಕಾಗದಗಳು ಅವು, ಕೆಲವು ಕಡೆ ಮಾತು ಖಾರವೇ.

ಕ್ರೈಸ್ತರಿಗೆ ಇಲ್ಲಿ ಒಂದು ಹಳೆಯ ಗಂಟು ಕಾಣುತ್ತದೆ. ಬೈದವರನ್ನು ಯೇಸು ತಿರುಗಿ ಬೈಯಲಿಲ್ಲ, ನ್ಯಾಯವಾಗಿ ತೀರ್ಪುಮಾಡುವಾತನಿಗೆ ತನ್ನನ್ನು ಒಪ್ಪಿಸಿದನು ಎಂದು ಪೇತ್ರನ ಪತ್ರ ನೆನಪಿಸುತ್ತದೆ. ಆದರೆ ಅದೇ ಸತ್ಯವೇದದಲ್ಲಿ ಪೌಲನೂ ಇದ್ದಾನೆ. ಗುಡಾರ ಹೊಲಿದು ತನ್ನ ಅನ್ನ ತಾನೇ ದುಡಿದವನು, ಆದರೂ ಕೊರಿಂಥದವರು ಅವನ ಮೇಲೆ ಹಣದ ಅನುಮಾನ ಹೊರಿಸಿದರು. ಅವನು ಸುಮ್ಮನಿರದೆ ಉದ್ದದ ಪತ್ರ ಬರೆದ. ಬಡವರಿಗಾಗಿ ಕೂಡಿಸಿದ ಕಾಣಿಕೆಯನ್ನು ಒಬ್ಬನೇ ಒಯ್ಯದೆ ಸಭೆಗಳು ಆರಿಸಿದವರನ್ನು ಜೊತೆಗೆ ಕಳಿಸಿದ. ಕರ್ತನ ಕಣ್ಣಿಗಷ್ಟೇ ಅಲ್ಲ, ಮನುಷ್ಯರ ಕಣ್ಣಿಗೂ ಲೆಕ್ಕ ನೆಟ್ಟಗಿರಬೇಕು ಎಂಬುದು ಅವನ ಕಾಳಜಿ. ಕೇರಿ ಈ ಎರಡರ ನಡುವೆಯೇ ಹೆಜ್ಜೆ ಹಾಕಿದರು. ಲೆಕ್ಕದ ಪ್ರಶ್ನೆಗೆ ಲೆಕ್ಕದ ಉತ್ತರ ಕೊಟ್ಟರು, ಗೆಳೆಯನ ಪರ ಮಾತಾಡಿದರು. ಆದರೆ ತಮ್ಮನ ಮಗನೊಡನೆ ಮತ್ತು ಕಿರಿಯರೊಡನೆ ಸಂಬಂಧ ಕಡಿದುಕೊಳ್ಳಲಿಲ್ಲ. 1820ರಲ್ಲಿ ಎರಡೂ ಕಡೆಯವರು ಕೂಡಿ ಸಮಾಧಾನದ ಒಪ್ಪಂದಕ್ಕೆ ಬಂದಿದ್ದರು. ಲಂಡನ್ನಿನಲ್ಲಿ ಆದ ಒಡಕು ಅದನ್ನು ಪೂರ್ತಿ ಅಳಿಸಲಿಲ್ಲ.

ಕೇರಿಯವರ ಕೆಲಸದ ಮೇಲೂ ಕಟುವಾದ ಟೀಕೆ ಬಂತು. ಅದರಲ್ಲೊಂದು ನಮ್ಮ ಕಡೆಯಿಂದಲೇ ಹೋದದ್ದು. ಮೈಸೂರು ಸೀಮೆಯಲ್ಲಿ ಬಹುಕಾಲ ಬಾಳಿದ ಫ್ರೆಂಚ್ ಕ್ಯಾಥೊಲಿಕ್ ಪಾದ್ರಿ ಅಬ್ಬೆ ದುಬ್ವಾ 1823ರಲ್ಲಿ ಲಂಡನ್ನಿನಲ್ಲಿ ಪತ್ರರೂಪದ ಪುಸ್ತಕ ಪ್ರಕಟಿಸಿ, ಪ್ರಾಟೆಸ್ಟಂಟರ ಸತ್ಯವೇದದ ಭಾಷಾಂತರಗಳು ಉಪಯೋಗಕ್ಕಿಂತ ಕೇಡನ್ನೇ ಮಾಡುತ್ತವೆ ಎಂದರು. ಸೆರಾಂಪುರದ ಭಾಷಾಂತರಗಳಲ್ಲಿ ಅವಸರದವು ಹಲವು, ಅವು ಬಾಳಲಿಲ್ಲ. ಆ ಮಟ್ಟಿಗೆ ದುಬ್ವಾ ಹೇಳಿದ್ದರಲ್ಲಿ ಹುರುಳಿದೆ. ಕೇರಿಗೂ ಅದು ಗೊತ್ತಿತ್ತೆಂದು ತೋರುತ್ತದೆ. 1801ರಲ್ಲಿ ಅಚ್ಚಾದ ಬಂಗಾಳಿ ಹೊಸ ಒಡಂಬಡಿಕೆಯನ್ನು ಅವರು ಮತ್ತೆ ಮತ್ತೆ ತಿದ್ದುತ್ತಲೇ ಹೋದರು. ಎಂಟನೆಯ ಮುದ್ರಣ 1832ರಲ್ಲಿ ಬಂತು. ಎಪ್ಪತ್ತು ದಾಟಿದ ಮುದುಕ ತನ್ನ ನಲವತ್ತರ ವಯಸ್ಸಿನ ವಾಕ್ಯಗಳನ್ನು ತಿದ್ದುತ್ತ ಕುಳಿತದ್ದು ಟೀಕಾಕಾರರಿಗೆ ಸಂದ ಅತ್ಯಂತ ಒಳ್ಳೆಯ ಉತ್ತರ.

1830ರಿಂದ ಕಲ್ಕತ್ತೆಯ ದೊಡ್ಡ ವ್ಯಾಪಾರಿ ಕೋಠಿಗಳು ಒಂದರ ಮೇಲೊಂದು ಮುಳುಗಿದವು. ಅಲ್ಲಿಟ್ಟಿದ್ದ ಮಿಷನ್ನಿನ ಹಣವೂ ಮುಳುಗಿತು. ಅದೇ ಹೊತ್ತಿಗೆ ಫೋರ್ಟ್ ವಿಲಿಯಂ ಕಾಲೇಜಿನ ಪ್ರಾಧ್ಯಾಪಕ ಹುದ್ದೆ ರದ್ದಾಗಿ ಕೇರಿಯವರ ಆದಾಯ ಕುಸಿಯಿತು. ಅರಮನೆ ಕಟ್ಟಿಕೊಂಡಿದ್ದಾರೆಂಬ ಮಾತು ಲಂಡನ್ನಿನಲ್ಲಿ ಇನ್ನೂ ಹರಿದಾಡುತ್ತಿತ್ತು.

1834ರ ಜೂನ್ 9ರ ಬೆಳಗಿನ ಜಾವ ಕೇರಿ ತೀರಿಕೊಂಡರು. ಅವರ ಮರಣಶಾಸನದ ಮೊದಲ ಮಾತೇ ಆ ಹಳೆಯ ಆಪಾದನೆಗೆ ಸಂಬಂಧಿಸಿದ್ದು. ಸೆರಾಂಪುರದ ಮಿಷನ್ ಆವರಣದ ಮೇಲೆ ನನಗೆ ಯಾವ ಹಕ್ಕೂ ಇಲ್ಲ, ಎಂದೂ ಇರಲಿಲ್ಲ, ಇದೆಯೆಂದು ನಾನು ಭಾವಿಸಿದ್ದೂ ಇಲ್ಲ ಎಂಬ ಅರ್ಥದ ಸಾಲುಗಳವು. ಮುದುಕನಾದ ಸಮುವೇಲನು ಜನರ ಎದುರಿಗೆ ನಿಂತು, ಯಾರ ಎತ್ತನ್ನು ಹಿಡಿದೆ, ಯಾರ ಕತ್ತೆಯನ್ನು ಒಯ್ದೆ, ಹೇಳಿ ಎಂದು ಕೇಳಿದ್ದು ಇಲ್ಲಿ ನೆನಪಾಗುತ್ತದೆ. ಚಿಪ್ಪು, ಹವಳ, ಕೀಟ, ಒಣಸಸ್ಯಗಳ ಸಂಗ್ರಹವನ್ನು ತಾವೇ ಸ್ಥಾಪಿಸಿದ ಸೆರಾಂಪುರದ ಕಾಲೇಜಿಗೆ ಬರೆದರು. ಮಗ ಜೇಬೆಜನಿಗೆ ಉಳಿದ ಮಕ್ಕಳಂತೆಯೇ ಕೊಡಬೇಕಾಗಿದ್ದ 1500 ರೂಪಾಯಿ ಕೈಯಲ್ಲಿರಲಿಲ್ಲ. ಪುಸ್ತಕಗಳನ್ನು ಮಾರಿ ಕೊಡಿ ಎಂದು ಬರೆದಿಟ್ಟರು. ಸಮಾಧಿಯ ಕಲ್ಲಿನ ಮೇಲೆ ಹೆಸರು, ಹುಟ್ಟು ಸಾವಿನ ದಿನ, ಐಸಾಕ್ ವಾಟ್ಸ್‌ನ ಗೀತೆಯಿಂದ ಎರಡು ಸಾಲು, ಅಷ್ಟೇ ಸಾಕು ಎಂದಿದ್ದರು. ಕಲ್ಲಿನ ಮೇಲೆ ಅಷ್ಟೇ ಇದೆ.

ಅವರು ಕಟ್ಟಿದ ಕಾಲೇಜು ಇಂದಿಗೂ ನಡೆಯುತ್ತಿದೆ. ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಓದಿ ಸಭಾಪಾಲಕರಾಗುವವರ ಪದವಿಪತ್ರದ ಮೇಲೆ ಸೆರಾಂಪುರದ ಹೆಸರಿರುತ್ತದೆ.

ಕೇರಿಯವರ ಹಿಂದೆ ಮಾರ್ಷ್‌ಮನ್ ಒಬ್ಬರೇ ಉಳಿದರು. ಮೂವರಲ್ಲಿ ಅತಿ ಹೆಚ್ಚು ನಿಂದೆ ಉಂಡವರು ಅವರೇ. 1837ರ ಡಿಸೆಂಬರಿನಲ್ಲಿ ಲಂಡನ್ನಿನ ಸಂಘವೂ ಸೆರಾಂಪುರವೂ ಮತ್ತೆ ಒಂದಾಗಲು ಒಪ್ಪಿದವು. ಸುದ್ದಿ ಹಡಗಿನಲ್ಲಿ ಬಂಗಾಳ ಮುಟ್ಟಲು ತಿಂಗಳುಗಳು ಬೇಕು. ಮಾರ್ಷ್‌ಮನ್ ಡಿಸೆಂಬರ್ 5ರಂದೇ ಕಣ್ಣುಮುಚ್ಚಿದ್ದರು.